ಮೂರು ಮನೆ ಕೆಲಸ ಕೈಯಲ್ಲಿದೆ, ಶನಿವಾರ ಬಂದರೆ ಬಟವಾಡೆಗೆ ಕಾಸಿಲ್ಲ: ತಜ್ಞರ ಉತ್ತರ

ಪ್ರಶ್ನೆ: ಹದಿನಾಲ್ಕು ವರ್ಷ ಗಾರೆ ಮೇಸ್ತ್ರಿಯಾಗಿ ದುಡಿದೆ. ಈಗ ಮೂರು ವರ್ಷದಿಂದ ಕೆಂಗೇರಿ, ಉಲ್ಲಾಳದ ಸುತ್ತಮುತ್ತ ಮೆಟೀರಿಯಲ್ ಸಮೇತ ಕಾಂಟ್ರಾಕ್ಟ್ ಹಿಡಿದು ಮನೆ ಕಟ್ಟಿಕೊಡುತ್ತಿದ್ದೇನೆ. ಸದ್ಯ ಮೂರು ಮನೆ ಒಟ್ಟಿಗೆ ನಡೆಯುತ್ತಿವೆ. ಚದರಡಿಗೆ 2,000 ರೂಪಾಯಿ ರೇಟು. ಲೆಕ್ಕದ ಪ್ರಕಾರ ನೂರಕ್ಕೆ ಹತ್ತು ಉಳಿಯಬೇಕು. ಆದರೆ ಪ್ರತಿ ಶನಿವಾರ ಬಟವಾಡೆಗೆ ಕೈಸಾಲ ಮಾಡುತ್ತಿದ್ದೇನೆ, ಸಿಮೆಂಟ್ ಅಂಗಡಿಯ ಬಾಕಿ ಬೆಳೆಯುತ್ತಲೇ ಇದೆ. ನಾಲ್ಕನೇ ಮನೆಯವರು ಅಡ್ವಾನ್ಸ್ ಹಿಡಿದು ನಿಂತಿದ್ದಾರೆ. ತೆಗೆದುಕೊಳ್ಳಲೇ? ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನಾಲ್ಕನೇ ಮನೆಯ ಅಡ್ವಾನ್ಸನ್ನು ಈಗ ಮುಟ್ಟಬೇಡಿ. ಯಾವಾಗ ಮುಟ್ಟಬಹುದು ಎಂಬುದು ಕೊನೆಯಲ್ಲಿದೆ. ಅದಕ್ಕೆ ಮೊದಲು ನಿಮ್ಮ ಕಾಸು ಎಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಬೇಕು. ನಿಮ್ಮ ರೇಟಿನಲ್ಲಿ ಲಾಭ ಇದ್ದರೂ ಇರಬಹುದು. ಆದರೆ ಹಣ ಹೋಗುವ ದಿನಕ್ಕೂ ಬರುವ ದಿನಕ್ಕೂ ನಡುವೆ ಇರುವ ಅಂತರ ನಿಮ್ಮ ಜೇಬಿನ ಮೇಲೆ ಕೂತಿದೆ.

ಒಂದು ಮನೆಯನ್ನು ಬಿಡಿಸಿ ನೋಡೋಣ. 30×50ರ ಸೈಟು, ಕೆಳಗೆ 11 ಚದರ, ಮೇಲೆ 11 ಚದರ, ಮೆಟ್ಟಿಲಿನ ಹೆಡ್‌ರೂಮ್ 2 ಚದರ. ಒಟ್ಟು 24 ಚದರ, ಅಂದರೆ 2,400 ಚದರಡಿ. ನಿಮ್ಮ ರೇಟಿಗೆ 48 ಲಕ್ಷ. ನಿಮ್ಮ ಖರ್ಚು 43.2 ಲಕ್ಷ ಎಂದುಕೊಂಡರೆ ಉಳಿಕೆ 4.8 ಲಕ್ಷ. ಬೆಂಗಳೂರಿನ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವ ಕಂತು ಹೀಗಿರುತ್ತದೆ: ಅಡ್ವಾನ್ಸ್ ಶೇ 10, ಪ್ಲಿಂತ್ (ಪಾಯದ ಮೇಲೆ ನೆಲಹಾಸಿನ ಮಟ್ಟ) ಮುಗಿದಾಗ 10, ಮೊದಲ ಮೋಲ್ಡು (ಚಾವಣಿಯ ಕಾಂಕ್ರೀಟು) ಹಾಕಿದ ಮೇಲೆ 20, ಎರಡನೇ ಮೋಲ್ಡಿಗೆ 20, ಗೋಡೆ ಮತ್ತು ಪ್ಲಾಸ್ಟರಿಂಗ್ ಮುಗಿದಾಗ 15, ಟೈಲ್ಸು-ಬಾಗಿಲು ಆದಾಗ 15, ಕೀ ಕೊಡುವಾಗ 10.

ಈಗ ಖರ್ಚನ್ನು ಇದರ ಪಕ್ಕದಲ್ಲಿ ಇಡಿ. ಪಾಯ ಮತ್ತು ಪ್ಲಿಂತಿಗೆ 7.5 ಲಕ್ಷ ಹೋಗುತ್ತದೆ. ಕೈಗೆ ಬಂದಿರುವುದು ಅಡ್ವಾನ್ಸಿನ 4.8 ಲಕ್ಷ ಮಾತ್ರ. 2.7 ಲಕ್ಷ ನಿಮ್ಮದು. ಪ್ಲಿಂತಿನ ಕಂತು ಬಂದರೆ ಒಟ್ಟು 9.6 ಲಕ್ಷ ಆಯಿತು. ಅಲ್ಲಿಂದ ಪಿಲ್ಲರ್, ಸೆಂಟ್ರಿಂಗ್ (ಕಾಂಕ್ರೀಟು ಸುರಿಯಲು ಬಡಿಯುವ ಅಚ್ಚು), ಕಂಬಿ, ಕಾಂಕ್ರೀಟು ಸೇರಿ ಮೊದಲ ಮೋಲ್ಡಿಗೆ ಮತ್ತೆ 9.5 ಲಕ್ಷ. ಮೋಲ್ಡು ಹಾಕಿದ ಸಂಜೆ ನೀವು ಸುರಿದಿರುವುದು 17 ಲಕ್ಷ, ಬಂದಿರುವುದು 9.6 ಲಕ್ಷ. 7.4 ಲಕ್ಷದ ಗುಂಡಿ. ಎರಡನೇ ಮೋಲ್ಡಿಗೆ 9 ಲಕ್ಷ ಹಿಡಿದರೆ ಆ ದಿನ ಗುಂಡಿ 6.8 ಲಕ್ಷ. ಮೂರು ಮನೆಯೂ ಒಂದೇ ತಿಂಗಳಲ್ಲಿ ಮೊದಲ ಮೋಲ್ಡಿಗೆ ಬಂದರೆ 22 ಲಕ್ಷ ನಿಮ್ಮ ಕೈಯಿಂದ ಹೊರಗಿರುತ್ತದೆ. ಅದನ್ನು ಯಾರು ತುಂಬುತ್ತಿದ್ದಾರೆ? ಅಂಗಡಿಯವರು, ಕೈಸಾಲ ಕೊಟ್ಟವರು, ಮತ್ತು ಹೊಸ ಮನೆಯ ಅಡ್ವಾನ್ಸು.

ಇನ್ನೊಂದು ಸಂಗತಿ ಅದೇ ಪಟ್ಟಿಯಲ್ಲಿದೆ. ಕೊನೆಯ ಕಂತು ಶೇ 10, ಅಂದರೆ 4.8 ಲಕ್ಷ. ನಿಮ್ಮ ಇಡೀ ಲಾಭವೂ 4.8 ಲಕ್ಷ. ಬಾಗಿಲಿನ ಪಾಲಿಶ್ ಸರಿಯಿಲ್ಲ, ಬಾತ್‌ರೂಮಿನ ಇಳಿಜಾರು ಸಾಲದು ಎಂದು ಮಾಲೀಕರು ಆ ಕಂತನ್ನು ಹಿಡಿದರೆ ಒಂದು ವರ್ಷದ ದುಡಿಮೆ ಅವರ ಬೀರುವಿನಲ್ಲಿದೆ ಎಂದೇ ಅರ್ಥ.

ಕಂತನ್ನು ಒಡೆಯುವುದು ಹೇಗೆ

ಏಳು ಕಂತನ್ನು ಹದಿಮೂರೋ ಹದಿನಾಲ್ಕೋ ಮಾಡಿ. ಮೊತ್ತ ಬದಲಾಗುವುದಿಲ್ಲ, ದಿನ ಬದಲಾಗುತ್ತದೆ. ಮೊದಲ ಮೋಲ್ಡಿನ ಶೇ 20ನ್ನೇ ಹೀಗೆ ಒಡೆಯಿರಿ: ಪಿಲ್ಲರ್ ಕಾಂಕ್ರೀಟು ಬೀಮಿನ ತಳದವರೆಗೆ ಬಂದಾಗ ಶೇ 5, ಸೆಂಟ್ರಿಂಗ್ ಬಡಿದು, ಕಂಬಿ ಕಟ್ಟಿ, ಎಲೆಕ್ಟ್ರಿಕಲ್ ಪೈಪು ಹಾಕಿ ಎಂಜಿನಿಯರ್ ನೋಡಿದ ದಿನ, ಕಾಂಕ್ರೀಟಿಗೆ ಮೊದಲು, ಶೇ 8, ಮೋಲ್ಡು ಹಾಕಿದ ಮರುದಿನ ಶೇ 7. ಪಿಲ್ಲರಿಗೆ 2 ಲಕ್ಷ, ಸೆಂಟ್ರಿಂಗ್-ಕಂಬಿಗೆ 4.2, ಕಾಂಕ್ರೀಟಿಗೆ 3.3 ಎಂದು ಖರ್ಚನ್ನು ಹಂಚಿ ನೋಡಿದರೆ ಈ ಹಂತದ ಅತಿ ಆಳದ ಗುಂಡಿ 1.7 ಲಕ್ಷಕ್ಕೆ ಇಳಿಯುತ್ತದೆ. ಅದೇ ಮನೆ, ಅದೇ ರೇಟು. 7.4 ಎಲ್ಲಿ, 1.7 ಎಲ್ಲಿ!

ಮಾಲೀಕರು ಇದಕ್ಕೆ ಒಪ್ಪುತ್ತಾರೆಯೇ ಎಂಬ ಅನುಮಾನ ಬೇಡ. ಚಿಕ್ಕ ಕಂತಿನಿಂದ ಅವರಿಗೂ ಅಪಾಯ ಕಡಿಮೆ. ಕೆಲಸಕ್ಕಿಂತ ಮುಂದೆ ಅವರ ಹಣ ಹೋಗಿರುವುದಿಲ್ಲ. ಒಂದೇ ತೊಡಕು ಬ್ಯಾಂಕ್ ಸಾಲ. ಗೃಹಸಾಲದವರು ಹಂತ ಮುಗಿದ ಮೇಲೆ ಎಂಜಿನಿಯರನ್ನು ಕಳಿಸಿ ಅಂದಾಜು ಹಾಕಿಸಿ ಹಣ ಬಿಡುತ್ತಾರೆ, ಅದಕ್ಕೆ ದಿನಗಳು ಹಿಡಿಯುತ್ತವೆ. ಕರಾರು ಬರೆಯುವ ಮೊದಲೇ ಸಾಲ ಎಷ್ಟು, ಸ್ವಂತದ್ದೆಷ್ಟು ಎಂದು ಕೇಳಿ. ಮಾಲೀಕರ ಸ್ವಂತ ಪಾಲು ಪಾಯದಿಂದ ಮೊದಲ ಮೋಲ್ಡಿನ ತನಕ ಖರ್ಚಾಗಲಿ, ಬ್ಯಾಂಕಿನ ಹಣ ಅಲ್ಲಿಂದ ಮುಂದೆ. ನಿಮ್ಮ ಕಂತಿನ ಪಟ್ಟಿ ಮತ್ತು ಬ್ಯಾಂಕಿಗೆ ಕೊಡುವ ಪಟ್ಟಿ ಒಂದೇ ಆಗಿರಬೇಕು. ಎರಡು ಪಟ್ಟಿ ಇದ್ದ ಕಡೆ ತಗಾದೆ ತಪ್ಪಿದ್ದಲ್ಲ.

ಕೊನೆಯ ಶೇ 10ನ್ನೂ ಬಿಡಬೇಡಿ. ಮೊದಲ ಕೋಟ್ ಪೇಂಟಿಗೆ 5, ಗೃಹಪ್ರವೇಶಕ್ಕೆ ಒಂದು ವಾರ ಮೊದಲು 3, ಒಂದು ಮಳೆಗಾಲ ಕಳೆದ ಮೇಲೆ 2. ಗೃಹಪ್ರವೇಶದ ಮಾತು ಬೇಕೆಂದೇ ಎತ್ತಿದ್ದು. ಆಷಾಢಕ್ಕೆ ಮುಂಚೆ ಮುಹೂರ್ತ ಇಟ್ಟವರು ಪೇಂಟು ಒಣಗುವ ಮೊದಲೇ ಹಾಲುಕ್ಕಿಸುತ್ತಾರೆ. ಒಳಗೆ ಸೇರಿಕೊಂಡ ಮೇಲೆ ನಿಮ್ಮ ಫೋನು ಎತ್ತಲು ಅವರಿಗೆ ಅವಸರವಿರುವುದಿಲ್ಲ. ಮಳೆಗಾಲದ ನಂತರದ ಶೇ 2 ಮಾತ್ರ ನ್ಯಾಯವಾಗಿ ಅವರ ಬಳಿ ಇರಬೇಕಾದ ಹಣ. ತಾರಸಿ ಸೋರದಿದ್ದರೆ ಅದು ನಿಮಗೆ ಬರುತ್ತದೆ.

ಚದರಡಿ ರೇಟಿನ ಒಳಗೆ ಏನಿದೆ

ಚದರಡಿ ರೇಟು ಫೋನಿನಲ್ಲಿ ಹೇಳಲು ಒಳ್ಳೆಯದು, ಕರಾರಿಗೆ ಸಾಲದು. ಜಗಳವೆಲ್ಲ ಏಳುವುದು 2,400 ಎಂಬ ಸಂಖ್ಯೆಯಲ್ಲಿ ಏನು ಸೇರಿದೆ ಎಂಬಲ್ಲಿ. ಬಾಲ್ಕನಿ ಪೂರ್ತಿಯೋ ಅರ್ಧವೋ? ಪೋರ್ಟಿಕೊ? ಡಬಲ್ ಹೈಟ್ ಬಿಟ್ಟ ಜಾಗದ ಅಳತೆ? ಸಂಪು, ಓವರ್‌ಹೆಡ್ ಟ್ಯಾಂಕು, ಕಾಂಪೌಂಡು, ಗೇಟು, ಮಳೆನೀರು ಇಂಗುಗುಂಡಿ, ಪ್ಯಾರಾಪೆಟ್ಟು, ಲಾಫ್ಟು, ಅಡುಗೆಕಟ್ಟೆಯ ಗ್ರಾನೈಟು? 30×40ರ ಮೇಲ್ಪಟ್ಟ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಜಲಮಂಡಳಿಯ ಕಡ್ಡಾಯ, ಆದರೂ ಎಷ್ಟೋ ಕರಾರಿನಲ್ಲಿ ಅದರ ಸೊಲ್ಲೇ ಇರುವುದಿಲ್ಲ. ಕೊನೆಗೆ ಅದು ಕಾಂಟ್ರಾಕ್ಟರ್ ತಲೆಗೆ ಬರುತ್ತದೆ. ಇವನ್ನೆಲ್ಲ ರೇಟಿನ ಹೊರಗಿಟ್ಟು ಒಂದೊಂದಕ್ಕೂ ಬೇರೆ ಮೊತ್ತ ಬರೆಯಿರಿ. ಸಂಪನ್ನು ಲೀಟರಿನಲ್ಲಿ, ಕಾಂಪೌಂಡನ್ನು ಅಡಿ ಲೆಕ್ಕದಲ್ಲಿ.

ಪಾಯದ ಆಳವನ್ನೂ ಬರೆಯಿರಿ. "ನೆಲಮಟ್ಟದಿಂದ 5 ಅಡಿ ತನಕ ರೇಟಿನಲ್ಲಿ ಸೇರಿದೆ, ಅದಕ್ಕಿಂತ ಕೆಳಗೆ ಹೋದರೆ ಅಗೆತ, ಕಾಂಕ್ರೀಟು, ಕಂಬಿ ಬೇರೆ, ಬಂಡೆ ಸಿಕ್ಕರೆ ಒಡೆಯುವ ಖರ್ಚು ಮಾಲೀಕರದ್ದು." ಬೆಂಗಳೂರಿನಲ್ಲಿ ಈ ಸಾಲು ಇಲ್ಲದೆ ಕೆಲಸ ಹಿಡಿಯುವುದು ಜೂಜು. ಒಂದೇ ಲೇಔಟಿನಲ್ಲಿ ಒಂದು ಸೈಟಿಗೆ ನಾಲ್ಕಡಿಗೆ ಗಟ್ಟಿ ನೆಲ, ಎರಡು ಸೈಟು ಆಚೆ ಹಳೆಯ ಕೆರೆಯಂಗಳಕ್ಕೆ ತುಂಬಿದ ಮಣ್ಣು ಎಂಟಡಿ ಆದರೂ ಮುಗಿಯದು. ತುಂಬಿದ ಮಣ್ಣಿನ ಗುಮಾನಿ ಇದ್ದರೆ ಮಣ್ಣಿನ ಪರೀಕ್ಷೆ ಮಾಡಿಸಿಯೇ ರೇಟು ಹೇಳಿ, ಪರೀಕ್ಷೆಯ ಹಣ ಮಾಲೀಕರು ಕೊಡಲಿ.

ಮೆಟೀರಿಯಲ್ ಬೆಲೆ ಏರಿದರೆ ಯಾರು ಹೊರಬೇಕು ಎಂಬುದು ಇನ್ನೊಂದು. ಮೇಲಿನ ಮನೆಗೆ ಚದರಡಿಗೆ 4 ಕೆಜಿಯಂತೆ ಸುಮಾರು 9.6 ಟನ್ ಕಂಬಿ, 0.4 ಚೀಲದಂತೆ ಸುಮಾರು 960 ಚೀಲ ಸಿಮೆಂಟು ಬೇಕು. ಕಂಬಿ ಕೆಜಿಗೆ 5 ರೂಪಾಯಿ ಏರಿದರೆ 48,000 ಹೋಯಿತು. ನಿಮ್ಮ ಲಾಭದ ಹತ್ತನೇ ಒಂದು ಪಾಲು, ಒಂದೇ ಐಟಮಿನಲ್ಲಿ. ಸಿಮೆಂಟು ಚೀಲಕ್ಕೆ 30 ಏರಿದರೆ ಇನ್ನೊಂದು 28,800. ಕರಾರಿನ ದಿನದ ಬೆಲೆಯನ್ನು ಅಂಗಡಿಯ ಕೊಟೇಶನ್ ಸಮೇತ ಲಗತ್ತಿಸಿ, "ಶೇ 5ಕ್ಕಿಂತ ಹೆಚ್ಚು ಏರಿಳಿತವಾದರೆ ವ್ಯತ್ಯಾಸ ಮಾಲೀಕರಿಗೆ" ಎಂದು ಬರೆಯಿರಿ. ಇಳಿದಾಗಲೂ ಇದೇ ಮಾತು ನಡೆಯಬೇಕು. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಇಂಥ ಇಳಿಕೆಯನ್ನು ಬಿಟ್ಟುಕೊಡುವ ಕಾಂಟ್ರಾಕ್ಟರಿಗೆ ಏರಿಕೆ ಕೇಳುವಾಗ ಮುಖ ಇರುತ್ತದೆ.

ಎಕ್ಸ್‌ಟ್ರಾ ಕೆಲಸದ ವಿಷಯ ಚಿಕ್ಕದು. ಮಾಲೀಕರು ಸೈಟಿಗೆ ಬಂದು "ಇಲ್ಲೊಂದು ಕಿಟಕಿ ಇದ್ದಿದ್ದರೆ" ಅಂದ ಸಂಜೆಯೇ ಏನು, ಎಷ್ಟು, ಎಷ್ಟು ದಿನ ಹೆಚ್ಚು ಎಂದು ವಾಟ್ಸಾಪಿನಲ್ಲಿ ಬರೆದು ಕಳಿಸಿ, "ಸರಿ" ಎಂಬ ಉತ್ತರ ಬರುವ ತನಕ ಬ್ಲಾಕು ಒಡೆಯಬೇಡಿ. ಎಕ್ಸ್‌ಟ್ರಾದ ಹಣವನ್ನು ಮುಂದಿನ ಕಂತಿನ ಜೊತೆಗೇ ತೆಗೆದುಕೊಳ್ಳಿ. ಕೊನೆಗೆ ಒಟ್ಟಿಗೆ ಕೊಟ್ಟ ಬಿಲ್ಲು ಯಾರಿಗೂ ಹಿಡಿಸದು.

ಜಿಎಸ್‌ಟಿ: ಇದನ್ನು ಕೇಳಿಲ್ಲ, ಆದರೆ ಕೇಳಬೇಕಿತ್ತು

ಮೆಟೀರಿಯಲ್ ಸಮೇತ ಮನೆ ಕಟ್ಟಿಕೊಡುವುದು ವರ್ಕ್ಸ್ ಕಾಂಟ್ರಾಕ್ಟ್, ತೆರಿಗೆ ಶೇ 18. ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. ಒಂದೇ ಮನೆಯಲ್ಲಿ ನೀವು ಅದನ್ನು ದಾಟಿದ್ದೀರಿ. ನಿಮ್ಮ 2,000ದಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂದು ಕರಾರು ಹೇಳದಿದ್ದರೆ ಮಾಲೀಕರು ಸೇರಿದೆ ಎಂದೇ ವಾದಿಸುತ್ತಾರೆ. ಆಗಿನ ಲೆಕ್ಕ ಹೀಗೆ: 48 ಲಕ್ಷದೊಳಗಿನ ತೆರಿಗೆ 7.32 ಲಕ್ಷ. ಶೇ 18ರ ಮಾಲನ್ನು 22 ಲಕ್ಷಕ್ಕೆ ಬಿಲ್ ಸಮೇತ ಕೊಂಡಿದ್ದರೆ ಅದರಲ್ಲಿ ಕಟ್ಟಿದ 3.36 ಲಕ್ಷವನ್ನು ಇನ್‌ಪುಟ್ ಕ್ರೆಡಿಟ್ ಆಗಿ ಕಳೆಯಬಹುದು. ಉಳಿದ 3.96 ಲಕ್ಷ ನಿಮ್ಮ 4.8 ಲಕ್ಷದಿಂದ ಹೋಗಬೇಕು. ಕೈಯಲ್ಲಿ ಉಳಿಯುವುದು 84,000. ಬಿಲ್ಲಿಲ್ಲದೆ ಕೊಂಡಿದ್ದರೆ ಅದೂ ಇಲ್ಲ, ನಷ್ಟ.

ನಗದಿನಲ್ಲಿ ನಡೆಸಿಬಿಡೋಣ ಎಂಬ ಕಾಲ ಹೋಯಿತು. 2025ರ ಜುಲೈಯಲ್ಲಿ ಯುಪಿಐ ಜಮೆ ನೋಡಿಯೇ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನಿಮಗೂ ನೆನಪಿರಬೇಕು. ಮನೆ ಮಾಲೀಕರು ಬ್ಯಾಂಕ್ ಸಾಲದ ಹಣವನ್ನು ಖಾತೆಗೇ ಹಾಕುತ್ತಾರೆ, ಅದು ಮುಚ್ಚಿಡುವಂಥದ್ದಲ್ಲ. ಇನ್ನೊಂದು ವಿಷಯ, ಸೇವೆಗೆ ಬಂದ ಮುಂಗಡಕ್ಕೂ ಬಂದ ತಿಂಗಳಲ್ಲೇ ತೆರಿಗೆ ಬೀಳುತ್ತದೆ. ಅಡ್ವಾನ್ಸ್ ಪೂರ್ತಿ ನಿಮ್ಮದೆಂದು ಖರ್ಚು ಮಾಡಿದರೆ ಮುಂದಿನ 20ನೇ ತಾರೀಕಿಗೆ ಮತ್ತೆ ಕೈಸಾಲ.

ದಾರಿಗಳಿವೆ. ಕರಾರಿನಲ್ಲಿ "ಜಿಎಸ್‌ಟಿ ಪ್ರತ್ಯೇಕ" ಎಂದು ಬರೆಯುವುದು ಮೊದಲನೆಯದು. ಕ್ರೆಡಿಟ್ ಸಿಗುವುದರಿಂದ ನಿಮ್ಮ ಮೂಲ ರೇಟನ್ನು ಸ್ವಲ್ಪ ಇಳಿಸಲು ಆಗ ಜಾಗ ಇರುತ್ತದೆ. ಎರಡನೆಯದು ಬರೀ ಲೇಬರ್ ಕಾಂಟ್ರಾಕ್ಟ್. ಅಪಾರ್ಟ್‌ಮೆಂಟಿನ ಭಾಗವಲ್ಲದ ಒಂಟಿ ಮನೆಯ ಹೊಸ ಕಟ್ಟಡಕ್ಕೆ ಶುದ್ಧ ಕೂಲಿ ಕರಾರಾದರೆ ಜಿಎಸ್‌ಟಿ ವಿನಾಯಿತಿ ಇದೆ. ಆದರೆ ಅದು ನಿಜಕ್ಕೂ ಶುದ್ಧವಾಗಿರಬೇಕು: ಸಿಮೆಂಟು, ಕಂಬಿ, ಎಂ-ಸ್ಯಾಂಡು (ಕಲ್ಲು ಪುಡಿ ಮಾಡಿ ತೆಗೆದ ಮರಳು), ಬ್ಲಾಕು ಎಲ್ಲದರ ಬಿಲ್ಲೂ ಮಾಲೀಕರ ಹೆಸರಿನಲ್ಲಿ, ಹಣವೂ ಅವರ ಖಾತೆಯಿಂದ. ಅರ್ಧ ಮಾಲು ನಿಮ್ಮದು, ಅರ್ಧ ಅವರದು ಆದರೆ ವಿನಾಯಿತಿ ಹೋಯಿತು. ಹಳೆ ಮನೆ ರಿಪೇರಿಗೂ ಇದು ಅನ್ವಯಿಸುವುದಿಲ್ಲ. ಮೂರನೆಯದು ಸೇವೆಯವರ ಕಾಂಪೋಸಿಷನ್, ಅಂದರೆ ಒಟ್ಟು ವಹಿವಾಟಿನ ಮೇಲೆ ಒಂದೇ ದರದಲ್ಲಿ ತೆರಿಗೆ ಕಟ್ಟುವ ಯೋಜನೆ, ಶೇ 6. ವಹಿವಾಟು 50 ಲಕ್ಷದೊಳಗಿರಬೇಕು, ಕ್ರೆಡಿಟ್ ಇಲ್ಲ, ಮಾಲೀಕರಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ವರ್ಷಕ್ಕೊಂದೇ ಮನೆ ಕಟ್ಟುವವರಿಗೆ ಸರಿ, ಮೂರು ಮನೆಯವರಿಗೆ ಅಲ್ಲ. ನಿಮ್ಮ ಸ್ಥಿತಿಯಲ್ಲಿ ಒಂದೆರಡು ವರ್ಷ ಲೇಬರ್ ಕಾಂಟ್ರಾಕ್ಟಿಗೆ ಇಳಿಯುವುದು ಅವಮಾನವೇನಲ್ಲ. ಮಾಲಿನ ಹಣ ನಿಮ್ಮ ಮೂಲಕ ಹಾಯುವುದೇ ಇಲ್ಲವಾದ್ದರಿಂದ ಗುಂಡಿಯ ಬಹುಪಾಲು ತಾನೇ ಮುಚ್ಚುತ್ತದೆ.

ಅಂಗಡಿಯ ಸಾಲ, ಟಿಪ್ಪರಿನ ಅಳತೆ

ಸಿಮೆಂಟನ್ನು ತಿಂಗಳ ಸಾಲಕ್ಕೆ ತಂದರೆ ಚೀಲಕ್ಕೆ 10 ರೂಪಾಯಿ ಹೆಚ್ಚು ಹಿಡಿಯುತ್ತಾರೆ ಎಂದುಕೊಳ್ಳಿ. 400 ರೂಪಾಯಿಯ ಚೀಲಕ್ಕೆ ಅದು ತಿಂಗಳಿಗೆ ಶೇ 2.5, ವರ್ಷಕ್ಕೆ 30. ಬ್ಯಾಂಕಿನ ಓವರ್‌ಡ್ರಾಫ್ಟ್ ಇದಕ್ಕಿಂತ ಎಷ್ಟೋ ಅಗ್ಗ. ಆದರೆ ಅದನ್ನು ಪಡೆಯಲು ರಿಟರ್ನ್ ಸಲ್ಲಿಸಿರಬೇಕು, ಲೆಕ್ಕ ಬ್ಯಾಂಕ್ ಖಾತೆಯ ಮೂಲಕ ನಡೆದಿರಬೇಕು.

ಕಂಬಿಯಲ್ಲಿ ಸೋರಿಕೆ ಎರಡು ಕಡೆಯಿಂದ. ವ್ಯಾಸವನ್ನು ಮಿಲಿಮೀಟರಿನಲ್ಲಿ ವರ್ಗ ಮಾಡಿ 162ರಿಂದ ಭಾಗಿಸಿದರೆ ಮೀಟರಿನ ತೂಕ ಸಿಗುತ್ತದೆ. 12 ಮೀಟರಿನ ಒಂದು ಕಂಬಿ 8 ಎಂಎಂ ಆದರೆ 4.74 ಕೆಜಿ, 10 ಎಂಎಂ 7.4, 12 ಎಂಎಂ 10.67, 16 ಎಂಎಂ ಸುಮಾರು 19. ಕಂಬಿಯ ಭಾರತೀಯ ಮಾನಕ ಐಎಸ್ 1786ರ ಪ್ರಕಾರ 10 ಎಂಎಂ ತನಕ ಶೇ 7 ಆಚೀಚೆ, 10ರ ಮೇಲೆ 16ರ ತನಕ ಶೇ 5 ಆಚೀಚೆ ಇರಬಹುದು. ಕಂಬಿ ಎಣಿಸಿ ಲೆಕ್ಕದ ತೂಕಕ್ಕೆ ಬಿಲ್ ಮಾಡಿದರೆ ಹಗುರ ಕಂಬಿ ಬಂದು ಕಬ್ಬಿಣ ಕಡಿಮೆಯಾಗುತ್ತದೆ. ವೇಬ್ರಿಡ್ಜ್ ತೂಕಕ್ಕೆ ಕೊಂಡಾಗ ಭಾರದ ಕಂಬಿ ಬಂದರೆ ಉದ್ದ ಕಡಿಮೆಯಾಗುತ್ತದೆ. ಆದ್ದರಿಂದ ಎರಡನ್ನೂ ಮಾಡಿ: ವೇಬ್ರಿಡ್ಜ್ ಚೀಟಿ ಇಟ್ಟುಕೊಳ್ಳಿ, ಇಳಿಸುವಾಗ ಎಣಿಸಿ. ಒಂದು ಟನ್ 8 ಎಂಎಂನಲ್ಲಿ ಸುಮಾರು 211 ಕಂಬಿ, 12 ಎಂಎಂನಲ್ಲಿ 94 ಇರಬೇಕು.

ಎಂ-ಸ್ಯಾಂಡನ್ನು ಟನ್ ಲೆಕ್ಕದಲ್ಲಿ ಕೊಂಡರೆ ನೀರಿಗೂ ಹಣ ಕೊಡುತ್ತೀರಿ. 20 ಟನ್ನಿನ ಲೋಡಿನಲ್ಲಿ ಶೇ 5 ತೇವ ಇದ್ದರೆ ಒಂದು ಟನ್ ನೀರು. ಟಿಪ್ಪರಿನ ಉದ್ದ, ಅಗಲ, ಮರಳಿನ ಎತ್ತರ ಮೂರನ್ನೂ ಟೇಪಿನಲ್ಲಿ ಅಳೆದು ಘನ ಅಡಿಯನ್ನೂ ಬರೆದಿಡಿ. ಜಾಡಿಯಲ್ಲಿ ಮರಳು, ನೀರು ಹಾಕಿ ಅಲ್ಲಾಡಿಸಿ ಕೂರಿಸಿದರೆ ಮೇಲೆ ನಿಲ್ಲುವ ದೂಳಿನ ಪದರ ಕಾಣುತ್ತದೆ. ಲೋಡಿನಿಂದ ಲೋಡಿಗೆ ಅದು ದಪ್ಪವಾಗುತ್ತಿದ್ದರೆ ಕ್ರಷರ್ ಬದಲಾಗಿದೆ ಎಂದೇ ತಿಳಿಯಿರಿ. ದೂಳು ಹೆಚ್ಚಾದಷ್ಟೂ ಮೇಸ್ತ್ರಿ ನೀರು ಹೆಚ್ಚು ಹಾಕುತ್ತಾನೆ, ಪ್ಲಾಸ್ಟರಿಂಗ್ ಕೂದಲೆಳೆಯಂತೆ ಬಿರಿಯುತ್ತದೆ, ಅದರ ಬಿಲ್ಲು ನಿಮ್ಮ ಕೊನೆಯ ಕಂತಿನಲ್ಲಿ ಕಾಣುತ್ತದೆ. ಸಾಲಿಡ್ ಬ್ಲಾಕು 16×8 ಇಂಚಿನದಾದರೆ ಕೀಲು ಸೇರಿ 100 ಚದರಡಿ ಗೋಡೆಗೆ 108. ಒಡೆತ ಸೇರಿ 112 ಸಾಕು. 120ಕ್ಕಿಂತ ಹೆಚ್ಚು ಕೇಳಿದರೆ ಬ್ಲಾಕು ಬೇರೆ ಕಡೆ ಹೋಗುತ್ತಿದೆ ಅಥವಾ ಇಳಿಸುವಾಗ ಎಸೆಯುತ್ತಿದ್ದಾರೆ.

ರೆಡಿಮಿಕ್ಸ್ (ಘಟಕದಲ್ಲೇ ಕಲಸಿ ಗಾಡಿಯಲ್ಲಿ ಬರುವ ಕಾಂಕ್ರೀಟು) ತರಿಸುವಾಗ ಲೆಕ್ಕ ಬಿಗಿಯಾಗಿರಲಿ. 11 ಚದರದ ಮೋಲ್ಡು 5 ಇಂಚು ದಪ್ಪಕ್ಕೆ 13 ಘನ ಮೀಟರ್, ಬೀಮಿನ ಇಳಿಭಾಗ ಸೇರಿ 16-17. 6 ಘನ ಮೀಟರಿನ ಎರಡು ಗಾಡಿ ಸುರಿದ ಮೇಲೆ ಉಳಿದ ಜಾಗವನ್ನು ಅಳೆದು ಮೂರನೇ ಗಾಡಿಗೆ ಎಷ್ಟೆಂದು ಹೇಳಿ. ಕಾಂಕ್ರೀಟು ಘನ ಮೀಟರಿಗೆ ಸುಮಾರು 2,400 ಕೆಜಿ ತೂಗುವುದರಿಂದ 6 ಘನ ಮೀಟರಿನ ಗಾಡಿಯಲ್ಲಿ 14.4 ಟನ್ ಮಾಲು ಇರಬೇಕು; ಸಂಶಯ ಬಂದರೆ ಒಂದು ಗಾಡಿಯನ್ನು ತುಂಬಿದಾಗ, ಖಾಲಿಯಾದಾಗ ತೂಕ ಹಾಕಿಸಿ. ಲೋಡ್ ಮಾಡಿದ ಸಮಯ ಚೀಟಿಯಲ್ಲಿರುತ್ತದೆ, ಐಎಸ್ 4926 ಹೇಳುವುದು ಎರಡು ಗಂಟೆಯೊಳಗೆ ಸುರಿಯಬೇಕೆಂದು. ಭಾರಿ ವಾಹನಗಳಿಗೆ ಪೀಕ್ ಅವರಿನ ನಿರ್ಬಂಧವಿರುವ ಈ ಊರಿನಲ್ಲಿ, ಮೈಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ, ಎರಡು ಗಂಟೆ ಬೇಗ ಕಳೆಯುತ್ತದೆ. ಗಟ್ಟಿಯಾದ ಮಾಲಿಗೆ ಡ್ರೈವರ್ ಪೈಪಿನಲ್ಲಿ ನೀರು ಬಿಡುವುದನ್ನು ಕಂಡರೆ ಗಾಡಿ ವಾಪಸ್ ಕಳಿಸಿ. 17 ಘನ ಮೀಟರಿಗೆ ಐಎಸ್ 456ರಂತೆ ಮೂರು ಸ್ಯಾಂಪಲ್, ಒಂದೊಂದಕ್ಕೆ ಬಲ ಪರೀಕ್ಷೆಯ ಮೂರು ಕ್ಯೂಬು. ಆ ರಿಪೋರ್ಟು ನಾಳೆ ತಕರಾರು ಬಂದರೆ ನಿಮ್ಮ ಪರ ಮಾತಾಡುವ ಒಂದೇ ಸಾಕ್ಷಿ.

ಬಾಡಿಗೆ ಉಳಿಸಲು ಈ ಸೈಟಿನ ಜಾಕುಗಳನ್ನು (ಮೋಲ್ಡಿನ ಕೆಳಗಿನ ಆಸರೆ ಕಂಬಗಳನ್ನು) ಬೇಗ ಬಿಚ್ಚಿ ಆ ಸೈಟಿಗೆ ಸಾಗಿಸುವುದು ಮೂರು ಸೈಟಿನವರ ದೊಡ್ಡ ಆಸೆ. 4.5 ಮೀಟರ್ ತನಕದ ಸ್ಲ್ಯಾಬಿನ ಕೆಳಗಿನ ಜಾಕು 7 ದಿನ, ಅದಕ್ಕಿಂತ ಹೆಚ್ಚಿದ್ದರೆ 14 ದಿನ. 6 ಮೀಟರ್ ತನಕದ ಬೀಮಿಗೆ 14, ಮೀರಿದರೆ 21. ಇದೂ ಸಾಧಾರಣ ಓಪಿಸಿ ಸಿಮೆಂಟಿಗೆ ಹೇಳಿದ ಕನಿಷ್ಠ. ಇಲ್ಲಿ ಬಹುತೇಕ ಮನೆಗೆ ಬಳಸುವ ಪಿಪಿಸಿ (ಹಾರುಬೂದಿ ಬೆರೆಸಿದ ಸಿಮೆಂಟು) ನಿಧಾನ ಗಟ್ಟಿಯಾಗುತ್ತದೆ. ಕ್ಯೂರಿಂಗ್ ಕೂಡ 7ರ ಬದಲು 10 ದಿನ ಬೇಕು. ನೀರಿನ ಖರ್ಚನ್ನು ರೇಟಿನಲ್ಲಿ ಹಿಡಿದಿದ್ದೀರಾ? 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಇಟ್ಟಿತು. ಸಂಸ್ಕರಿಸಿದ ನೀರು ತರಿಸಿದರೆ ಒಮ್ಮೆ ಲ್ಯಾಬಿಗೆ ಕೊಡಿ. ಪಿಎಚ್ 6ಕ್ಕಿಂತ ಕಡಿಮೆ ಇರಬಾರದು, ಕಂಬಿ ಇರುವ ಕಾಂಕ್ರೀಟಿಗೆ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದು.

ಆಳುಗಳು

ಮೇಸ್ತ್ರಿಗಳಿಗೆ ಕೊಟ್ಟ ಮುಂಗಡವನ್ನು ನೀವು ಖರ್ಚಿನಲ್ಲಿ ಬರೆದಿದ್ದೀರೋ ಸಾಲದಲ್ಲಿ ಬರೆದಿದ್ದೀರೋ? ಅದು ಸಾಲ. ಸೆಂಟ್ರಿಂಗ್, ಬಾರ್ ಬೆಂಡಿಂಗ್, ಗಾರೆ, ಟೈಲ್ಸ್ ನಾಲ್ಕೂ ತಂಡಕ್ಕೆ ಐವತ್ತೈವತ್ತು ಸಾವಿರ ಹೊರಗಿದ್ದರೆ 2 ಲಕ್ಷ ಅಲ್ಲೇ ಕೂತಿದೆ. ಸೆಂಟ್ರಿಂಗಿಗೆ ಚದರಡಿ, ಕಂಬಿಗೆ ಟನ್, ಪ್ಲಾಸ್ಟರಿಂಗಿಗೆ ಚದರಡಿ ಎಂದು ಅಳತೆ ರೇಟು ಮಾಡಿ. ಪ್ರತಿ ಶುಕ್ರವಾರ ಸಂಜೆ ಮೇಸ್ತ್ರಿಯ ಎದುರೇ ಅಳೆದು, ಆಗಿರುವ ಕೆಲಸದ ಶೇ 90 ಮಾತ್ರ ಶನಿವಾರ ಕೊಡಿ. ದಿನಗೂಲಿಯಲ್ಲಿ ನಡೆಸುವ ಪ್ಲಾಸ್ಟರಿಂಗಿನಲ್ಲಿ ಒಂದು ಗಾರೆ ಜೋಡಿ ದಿನಕ್ಕೆ ಸುಮಾರು 100 ಚದರಡಿ ಮುಗಿಸಬೇಕು, 60ಕ್ಕೆ ನಿಂತರೆ ಮಾಲು ಹೊತ್ತಿಗೆ ಸರಿಯಾಗಿ ಸಿಗುತ್ತಿಲ್ಲ ಎಂದರ್ಥ. ತಪ್ಪು ಹೆಚ್ಚಾಗಿ ಆಳಿನದ್ದಲ್ಲ, ಮರಳು ತಡವಾಗಿ ಬಂದದ್ದು.

ಊರಿಗೆ ಹೋಗುವ ಕಾಲ ಗೊತ್ತಿರುವಂಥದ್ದೇ: ರಾಯಚೂರು, ಯಾದಗಿರಿಯವರು ಮುಂಗಾರು ಬಿತ್ತನೆಗೆ ಮತ್ತು ಯುಗಾದಿಗೆ, ಬಿಹಾರದವರು ದೀಪಾವಳಿಯಿಂದ ಛಠ್ ಮುಗಿಯುವ ತನಕ, ಬಂಗಾಳದವರು ದುರ್ಗಾಪೂಜೆಗೆ. ಆ ವಾರಗಳಲ್ಲಿ ಮೋಲ್ಡು ಇಡಬೇಡಿ. ಹಬ್ಬಕ್ಕೆ ಮೊದಲಿನ ಶನಿವಾರ ಉಳಿದ ಶೇ 10ನ್ನು ಪೂರ್ತಿ ಕೊಟ್ಟುಬಿಟ್ಟರೆ ತಂಡ ವಾಪಸ್ ಬರುವ ನಂಟೂ ಹರಿಯಿತು. ಒಂದು ಪಾಲು ಹಿಂದಿರುಗಿದ ದಿನಕ್ಕೆ ಇರಲಿ, ಅದನ್ನು ಮೊದಲೇ ಹೇಳಿರಿ.

ಒಬ್ಬ ಆಳು ಮೇಲಿಂದ ಬಿದ್ದರೆ ಮೇಲಿನ ಲೆಕ್ಕವೆಲ್ಲ ನೀರಿಗೆ. ಸೈಟಿಗೊಂದು ನೌಕರರ ಪರಿಹಾರ ವಿಮೆ ಮಾಡಿಸಿ, ಮೇಸ್ತ್ರಿಗಳ ತಂಡದವರನ್ನೂ ಅದರಲ್ಲಿ ಸೇರಿಸಿ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವರ್ಷದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಕೆಲಸದ ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಡಲು ನಿಮಗೆ ಖರ್ಚೇನೂ ಇಲ್ಲ.

ನಕ್ಷೆ, ಖಾತಾ, ಕರೆಂಟು

ನಕ್ಷೆಯಲ್ಲಿ ಎರಡು ಮಹಡಿ, ಮಾಲೀಕರ ಮನಸ್ಸಿನಲ್ಲಿ ಮೂರು. ಇದು ಈಗ ನಿಮ್ಮ ಹಣದ ಪ್ರಶ್ನೆಯೂ ಹೌದು. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನ ಪತ್ರವಿಲ್ಲದ (ಕಟ್ಟಡ ನಕ್ಷೆಯಂತಿದೆ, ವಾಸ ಮಾಡಬಹುದು ಎಂದು ಪಾಲಿಕೆ ಕೊಡುವ ಪತ್ರ, ಓಸಿ) ಕಟ್ಟಡಕ್ಕೆ ಕಾಯಂ ಕರೆಂಟು, ನೀರು ಸಿಗುವುದು ಕಷ್ಟವಾಯಿತು. 1,200 ಚದರಡಿವರೆಗಿನ ಸೈಟಿನ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ ಆಮೇಲೆ ವಿನಾಯಿತಿ ಕೊಟ್ಟಿತು, ಆದರೆ ನಮ್ಮ ಉದಾಹರಣೆಯ 30×50 ಅದರ ಹೊರಗಿದೆ. ಮೀಟರ್ ಬರದಿದ್ದರೆ ಮಾಲೀಕರು ಮೊದಲು ತಡೆಯುವುದು ನಿಮ್ಮ ಕೊನೆಯ ಕಂತನ್ನು. ಖಾತಾ, ನಕ್ಷೆ, ಸ್ವಾಧೀನ ಪತ್ರ, ಬೆಸ್ಕಾಂ, ಜಲಮಂಡಳಿ ಇವೆಲ್ಲ ಮಾಲೀಕರ ಹೊಣೆ, ನಿಮ್ಮ ಕಂತು ಅವಕ್ಕೆ ತಳುಕು ಹಾಕಿಕೊಂಡಿಲ್ಲ ಎಂದು ಕರಾರಿನಲ್ಲಿ ಇರಲಿ. ನಕ್ಷೆ ಮೀರಿದ ಮಹಡಿಗೆ ಒಪ್ಪಬೇಡಿ. 2025ರ ಸೆಪ್ಟೆಂಬರಿನಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಾಗಿವೆ; ನಕ್ಷೆಯ ಪ್ರತಿ ಪಡೆಯುವಾಗ ಸೈಟು ಯಾವ ಪಾಲಿಕೆಗೆ ಸೇರಿದೆ ಎಂಬುದನ್ನೂ ಕೇಳಿ ಬರೆದುಕೊಳ್ಳಿ.

ಈ ವಾರ ಮಾಡಬೇಕಾದ್ದು

ಮೂರು ಹಾಳೆ ತೆಗೆದುಕೊಳ್ಳಿ, ಸೈಟಿಗೊಂದು. ಮೇಲೆ ಇವತ್ತಿನ ತನಕ ಆ ಮಾಲೀಕರಿಂದ ಬಂದ ಹಣ. ಅದರ ಕೆಳಗೆ ಆ ಸೈಟಿಗೆ ನಿಜವಾಗಿ ಹೋದ ಹಣ. ಆಮೇಲೆ ಆ ಸೈಟಿನ ಅಂಗಡಿ ಬಾಕಿ, ಕೊಡಬೇಕಾದ ಕೂಲಿ, ಬಾಡಿಗೆ, ಜಿಎಸ್‌ಟಿ. ಮೇಸ್ತ್ರಿಗಳ ಬಳಿ ಇರುವ ಮುಂಗಡವನ್ನು ಬೇರೆ ಸಾಲಿನಲ್ಲಿ ಬರೆಯಿರಿ, ಖರ್ಚಿಗೆ ಸೇರಿಸಬೇಡಿ. ಬಂದದ್ದರಿಂದ ಹೋದದ್ದು ಮತ್ತು ಬಾಕಿ ಎರಡನ್ನೂ ಕಳೆಯಿರಿ. ಉತ್ತರ ಋಣವಾದರೆ ಆ ಮನೆಯನ್ನು ನೀವು ಸಾಕುತ್ತಿದ್ದೀರಿ. ಧನವಾದರೆ ಆ ಹಣ ಇನ್ನೂ ಆಗದ ಕೆಲಸಕ್ಕೆ ಸೇರಿದ್ದು, ಬೇರೆ ಸೈಟಿನ ಬಟವಾಡೆಗೆ ಅಲ್ಲ. ಸೈಟಿಗೊಂದು ಬ್ಯಾಂಕ್ ಖಾತೆ ತೆರೆದರೆ ಇದು ತಾನಾಗಿಯೇ ಬೇರ್ಪಡುತ್ತದೆ.

ಋಣ ಅತಿ ದೊಡ್ಡದಿರುವ ಸೈಟಿನ ಮಾಲೀಕರ ಬಳಿ ಮೊದಲು ಹೋಗಿ. ಹಳೆ ಕರಾರನ್ನು ಮುರಿಯುವ ಮಾತು ಬೇಡ. ಉಳಿದಿರುವ ಕಂತುಗಳನ್ನು ಮಾತ್ರ ಮೇಲೆ ಹೇಳಿದಂತೆ ಒಡೆದು ಕೊಡಿ, ಅಥವಾ ಮುಂದಿನ ಮೋಲ್ಡಿನ ಕಂಬಿ ಮತ್ತು ರೆಡಿಮಿಕ್ಸಿನ ಹಣವನ್ನು ನೇರವಾಗಿ ಸರಬರಾಜುದಾರರಿಗೇ ಕಟ್ಟಿ ನಿಮ್ಮ ಕಂತಿನಲ್ಲಿ ಕಳೆದುಕೊಳ್ಳಲು ಕೇಳಿ. ಬಿಲ್ಲು ಯಾರ ಹೆಸರಿಗೆ ಬಂದರೆ ಇನ್‌ಪುಟ್ ಕ್ರೆಡಿಟ್ ಉಳಿಯುತ್ತದೆ ಎಂಬುದನ್ನು ನಿಮ್ಮ ತೆರಿಗೆ ಲೆಕ್ಕಿಗರ ಬಳಿ ಮೊದಲೇ ಖಚಿತಪಡಿಸಿಕೊಳ್ಳಿ. ಹಿಂದೆ ಮುಗಿಸಿದ ಮನೆಗಳಿಂದ ಬರಬೇಕಾದ ಬಾಕಿ ಇದ್ದರೆ ಅದಕ್ಕೂ ಒಂದು ಹಾಳೆ. ಹಣ ವಸೂಲಿಯ ದಾವೆಗೆ ಸಾಮಾನ್ಯ ಗಡುವು ಮೂರು ವರ್ಷ, ನಿಮ್ಮ ಮೊದಲ ಮನೆ ಆ ಗಡುವಿನ ಹತ್ತಿರ ಬಂದಿರಬಹುದು. ಬಾಕಿಯನ್ನು ಒಪ್ಪಿಕೊಂಡು ಅವರು ಸಹಿ ಮಾಡಿದ ಒಂದು ಪತ್ರ ಗಡುವಿನೊಳಗೆ ಸಿಕ್ಕರೆ ಅವಧಿ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ.

ನಾಲ್ಕನೆಯವರಿಗೆ "ಎರಡು ತಿಂಗಳು ಕಾಯಿರಿ" ಎನ್ನಿ. ಮೂರು ಹಾಳೆಯ ಕೆಳಗಿನ ಮೊತ್ತವನ್ನು ಪ್ರತಿ ಶುಕ್ರವಾರ ಕೂಡಿಸಿ. ಸತತ ಎಂಟು ಶುಕ್ರವಾರ ಆ ಮೊತ್ತ ಸೊನ್ನೆಗಿಂತ ಮೇಲಿದ್ದು, ಒಂದು ಸೈಟು ಎರಡನೇ ಮೋಲ್ಡು ದಾಟಿದ್ದು, ಒಂದು ತಿಂಗಳ ಬಟವಾಡೆಯಷ್ಟು ನಿಮ್ಮದೇ ಹಣ ಖಾತೆಯಲ್ಲಿದ್ದರೆ ಹೊಸ ಕಂತಿನ ಪಟ್ಟಿಯ ಮೇಲೆ ಆ ಮನೆಯನ್ನು ಹಿಡಿಯಿರಿ. ಅವರು ಕಾಯಲು ಒಪ್ಪದೆ ಬೇರೆಯವರ ಬಳಿ ಹೋದರೆ ಹೋಗಲಿ.